ಮನೆಯ ಯೋಜನಾ ಆಯೋಗ

ದೆಹಲಿಯ ಯೋಜನಾ ಆಯೋಗಕ್ಕೆ 2014ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಿಂದಲೇ ಬೀಳ್ಕೊಡುಗೆ ಆಯಿತು. 2015ರ ಜನವರಿ 1ರಂದು ಅದರ ಜಾಗಕ್ಕೆ ನೀತಿ ಆಯೋಗ ಬಂದು ಕುಳಿತಿತು. ಈ ಸುದ್ದಿ ಬೆಂಗಳೂರಿನ ಬಹಳಷ್ಟು ಮನೆಗಳಿಗೆ ಇನ್ನೂ ಮುಟ್ಟಿಲ್ಲ. ವಿಜಯನಗರದಲ್ಲೋ ಜೆ.ಪಿ. ನಗರದಲ್ಲೋ ರಾತ್ರಿ ಊಟ ಮುಗಿದು ಮೇಜು ಒರೆಸಿದ ಮೇಲೆ, ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂರುವ ಅಪ್ಪನ ರೂಪದಲ್ಲಿ ಆಯೋಗ ಇವತ್ತಿಗೂ ಬದುಕಿದೆ. ದೆಹಲಿಯ ಆಯೋಗದ ಪ್ರಸ್ತಾಪ ಸಂವಿಧಾನದಲ್ಲಿ ಇರಲೇ ಇಲ್ಲ. 1950ರ ಮಾರ್ಚಿನಲ್ಲಿ ಸಂಪುಟದ ಒಂದು ನಿರ್ಣಯದಿಂದ ಹುಟ್ಟಿಕೊಂಡದ್ದು ಅದು. ಮನೆಯ ಆಯೋಗವನ್ನೂ ಯಾರೂ ನೇಮಿಸಿದ್ದಲ್ಲ. ಹಣಕಾಸು ಆಯೋಗಕ್ಕಾದರೆ ಸಂವಿಧಾನದ 280ನೇ ವಿಧಿಯ ಆಸರೆ ಇದೆ. ಮನೆಯಲ್ಲಿ ಆ ಸ್ಥಾನ ಅಮ್ಮನದು; ಅವಳು ಐದು ವರ್ಷಕ್ಕೊಮ್ಮೆ ಅಲ್ಲ, ದಿನವೂ ವರದಿ ಕೊಡುತ್ತಾಳೆ. ಇನ್ನು ರಾಜ್ಯಗಳು ಅಂದರೆ ಮಕ್ಕಳು. ಹದಿಮೂರರ ಮಗಳು, ಹದಿನಾರರ ಮಗ. ಎರಡೂ ವಿರೋಧ ಪಕ್ಷದ ಆಡಳಿತವಿರುವ ರಾಜ್ಯಗಳು.

ಆಯೋಗದ ಈ ಸಾಲಿನ ಕಾರ್ಯಕ್ರಮ ಕೋಲ್ಕತ್ತಾದಲ್ಲಿ ಕ್ರಿಸ್ಮಸ್. ಹಾಳೆಯ ಹೆಸರು ‘ಫ್ಯಾಮಿಲಿ ಸ್ಪೆಷಲ್, ಫೈನಲ್’. ಅದರ ಪಕ್ಕದಲ್ಲೇ ‘ಫೈನಲ್ 2’, ‘ರಿಯಲ್ ಫೈನಲ್’ ಎಂಬ ಇನ್ನೆರಡು ಹಾಳೆಗಳಿರುತ್ತವೆ. ರೈಲಿನ ಮುಂಗಡ ಬುಕಿಂಗ್ 120 ದಿನ ಮೊದಲೇ ತೆರೆಯುತ್ತಿದ್ದ ಕಾಲ ಈ ಅಪ್ಪನ ಸುವರ್ಣಯುಗ. 2024ರ ನವೆಂಬರ್ 1ರಿಂದ ರೈಲ್ವೆಯವರು ಅದನ್ನು 60 ದಿನಕ್ಕೆ ಇಳಿಸಿದಾಗ, ತನ್ನ ಅರ್ಧ ಆಯುಷ್ಯವನ್ನೇ ಕಿತ್ತುಕೊಂಡರು ಎಂಬಂತೆ ನೊಂದುಕೊಂಡ. ಡಿಸೆಂಬರ್ 23ರ ರೈಲಿಗೆ ಅಕ್ಟೋಬರ್ 24ರ ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆಯುತ್ತದೆ ಎಂಬುದು ಅವನಿಗೆ ಮದುವೆಯ ವಾರ್ಷಿಕೋತ್ಸವಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ನಾಲ್ಕು ವರ್ಷದ ಅವಧಿಯಲ್ಲಿ ಎರಡು ಪ್ರಯಾಣಕ್ಕೆ ಸಿಗುವ ಎಲ್‌ಟಿಎ ತೆರಿಗೆ ವಿನಾಯಿತಿ, ಅದು ಹಳೆಯ ತೆರಿಗೆ ಪದ್ಧತಿಯವರಿಗಷ್ಟೇ ಎಂಬ ಕೊಂಕು, ಅದರಲ್ಲೂ ಪ್ರಯಾಣದ ಖರ್ಚಿಗೆ ಮಾತ್ರ, ಕೇಕಿಗಲ್ಲ ಎಂಬ ಇನ್ನೊಂದು ಕೊಂಕು, ಎಲ್ಲಕ್ಕೂ ಒಂದೊಂದು ಕಾಲಂ ಇದೆ. ಬೆಳಗಿನ ಉಪಾಹಾರಕ್ಕೆ ಹಳದಿ ಬಣ್ಣ, ವಸ್ತುಸಂಗ್ರಹಾಲಯಕ್ಕೆ ನೀಲಿ, ಶೌಚಾಲಯಕ್ಕೆ ಹಸಿರು. ‘ಖುಷಿ’ ಎಂಬ ಕಾಲಂ ಮಾತ್ರ ಇಲ್ಲ. ಖುಷಿ ತಾನಾಗಿ ಬರಬೇಕು, ಅದೂ ಸಮಯಕ್ಕೆ ಸರಿಯಾಗಿ.

ಈ ಅಪ್ಪನನ್ನು ನೋಡಿ ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಅವನ ಯೋಜನೆ ಎಲ್ಲಿ ಎಡವುತ್ತದೆ ಎಂದು ಲೆಕ್ಕ ಹಾಕಿದರೆ ತಮಾಷೆಯ ಸಂಗತಿಯೊಂದು ಹೊರಬೀಳುತ್ತದೆ. ಕ್ರಿಸ್ಮಸ್ ವಾರದ ಕೋಲ್ಕತ್ತಾ ನಡೆಯುವುದು ಹರೆಯದವರ ಗಡಿಯಾರದ ಪ್ರಕಾರ. ಅಪ್ಪನ ಹಾಳೆ ನಡೆಯುವುದು ವಾಕಿಂಗ್ ಹೋಗುವವರ ಗಡಿಯಾರದ ಪ್ರಕಾರ. ಆ ಊರಿನವರು ಬೊಡೊದಿನ್, ಅಂದರೆ ದೊಡ್ಡ ದಿನ, ಎಂದು ಕರೆಯುವ ಹಬ್ಬ ಕತ್ತಲಾದ ಮೇಲೆ ಕಣ್ಣು ಬಿಡುತ್ತದೆ. ಪಾರ್ಕ್ ಸ್ಟ್ರೀಟ್‌ನ ದೀಪಗಳು, 2011ರಿಂದ ಸರ್ಕಾರವೇ ನಡೆಸುತ್ತಿರುವ ಉತ್ಸವ, ಆಲೆನ್ ಪಾರ್ಕಿನ ಹಾಡು, 1847ರಲ್ಲಿ ಪ್ರತಿಷ್ಠಾಪನೆಯಾದ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನ 24ರ ನಡುರಾತ್ರಿಯ ಪೂಜೆ, ಬೋ ಬ್ಯಾರಕ್ಸ್‌ನ ಕೆಂಪು ಇಟ್ಟಿಗೆಯ ಕಟ್ಟಡಗಳ ನಡುವೆ ಆಂಗ್ಲೋ ಇಂಡಿಯನ್ ಕುಟುಂಬಗಳು ಬೀದಿಯಲ್ಲೇ ನಡೆಸುವ ಸಂಭ್ರಮ, ಯಾವುದೂ ಬೆಳಗಿನ ಬಾಬತ್ತಲ್ಲ. ಇತ್ತ ಹಾಳೆಯ ಮೊದಲ ಸಾಲು ಹೀಗಿದೆ: ಬೆಳಿಗ್ಗೆ 5:30, ಹೌರಾ ಸೇತುವೆಯ ಬುಡದ ಮಲ್ಲಿಕ್ ಘಾಟಿನ ಹೂವಿನ ಸಂತೆ. ವರಮಹಾಲಕ್ಷ್ಮಿ ಹಬ್ಬಕ್ಕೂ ಕೆ.ಆರ್. ಮಾರುಕಟ್ಟೆಯ ಕಡೆ ತಲೆಹಾಕದ ಮಗ, ಎರಡು ಸಾವಿರ ಕಿಲೋಮೀಟರ್ ದೂರ ಬಂದು ನಸುಕಿನಲ್ಲಿ ಚೆಂಡುಹೂವಿನ ರಾಶಿ ನೋಡಬೇಕು. ಮಗ ಏಳುವುದಿಲ್ಲ. ಅದು ಸೋಮಾರಿತನವೆಂದು ಅಪ್ಪ ತೀರ್ಪು ಕೊಡುತ್ತಾನೆ. ನಿದ್ದೆಯ ಬಗ್ಗೆ ಓದಿದವರು ಬೇರೆ ಮಾತು ಹೇಳುತ್ತಾರೆ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ, ಆ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಡುರಾತ್ರಿ ಎಚ್ಚರವಿದ್ದು ನಡುಹಗಲು ಏಳುವ ಪ್ರಾಣಿಯೊಂದು, ನಡುರಾತ್ರಿ ನಡೆಯುವ ಹಬ್ಬವೊಂದರ ಎದುರು ನಿಂತಿದೆ. ಇಂಥ ಜಾತಕ ಕೂಡಿಬರುವುದೇ ಅಪರೂಪ. ಅಂಥ ಸಂಬಂಧವನ್ನು ಅಪ್ಪ ಅಲಾರಂ ಇಟ್ಟು ಮುರಿಯುತ್ತಾನೆ.

ಸೂರ್ಯನೂ ಅಪ್ಪನ ಪಕ್ಷದಲ್ಲಿಲ್ಲ. ಹಾಳೆಯ ಪ್ರಕಾರ ಪ್ರಿನ್ಸೆಪ್ ಘಾಟಿನಲ್ಲಿ ಸೂರ್ಯಾಸ್ತ ವೀಕ್ಷಣೆ 5:45ಕ್ಕೆ, ಯಾಕೆಂದರೆ ಬೆಂಗಳೂರಿನ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸುಮಾರು ಆರಕ್ಕೆ. ಕೋಲ್ಕತ್ತಾ ಹನ್ನೊಂದು ಡಿಗ್ರಿಯಷ್ಟು ಪೂರ್ವಕ್ಕಿದೆ, ಮೇಲಾಗಿ ಉತ್ತರಕ್ಕೂ ಇದೆ. ಅಲ್ಲಿ ಐದಕ್ಕೆಲ್ಲ ಸೂರ್ಯ ಅಂಗಡಿ ಮುಚ್ಚಿರುತ್ತಾನೆ. ಮುಕ್ಕಾಲು ಗಂಟೆ ಮೊದಲೇ ಮುಗಿದ ಸೂರ್ಯಾಸ್ತವನ್ನು ನೋಡಲು ನಾಲ್ಕು ಜನ ಕತ್ತಲೆಯಲ್ಲಿ ಸಾಲಾಗಿ ನಿಂತಿರುತ್ತಾರೆ. ನದಿಯಡಿಯ ಮೆಟ್ರೊ ಕಥೆಯೂ ಇಷ್ಟೆ. 2024ರ ಮಾರ್ಚಿನಲ್ಲಿ ಆರಂಭವಾದ ಆ ಮಾರ್ಗದಲ್ಲಿ ರೈಲು ಹೂಗ್ಲಿಯನ್ನು ದಾಟುವುದು ಸುಮಾರು 45 ಸೆಕೆಂಡಿನಲ್ಲಿ. ಹಾಳೆಯಲ್ಲಿ ಅದಕ್ಕೆ ಒಂದು ಗಂಟೆ ಮೀಸಲು. ಮಿಕ್ಕ 59 ನಿಮಿಷ ಸುರಂಗ ತಂತ್ರಜ್ಞಾನದ ಬಗ್ಗೆ ಅಪ್ಪನ ಉಪನ್ಯಾಸ. ಅದಕ್ಕೂ ಟಿಪ್ಪಣಿ ಸಿದ್ಧವಿದೆ, ಪ್ರಿಂಟ್ ತೆಗೆದು ಲ್ಯಾಮಿನೇಶನ್ ಮಾಡಿಸಿದ್ದು.

ಎಡವಟ್ಟಿನ ಬೇರು ಇನ್ನೂ ಆಳದಲ್ಲಿದೆ. ಅಪ್ಪ ಯೋಜನೆ ಹಾಕುತ್ತಿರುವುದು ಈಗಿರುವ ಮಕ್ಕಳಿಗಲ್ಲ, ಮೊಬೈಲಿನ ಹಳೆಯ ಫೋಟೋಗಳಲ್ಲಿರುವ ಮಕ್ಕಳಿಗೆ. ಪುರಾವೆ ಬೇಕಿದ್ದರೆ 25ರ ಮಧ್ಯಾಹ್ನದ ಸಾಲು ನೋಡಿ: ಅಲೀಪುರದ ಮೃಗಾಲಯ, ‘ಮಕ್ಕಳಿಗೆ ಇಷ್ಟ’. 1876ರ ಮೃಗಾಲಯ ಅದು, ದೊಡ್ಡ ಹೆಸರಿನದೇ. ಕ್ರಿಸ್ಮಸ್ ದಿನ ಅಲ್ಲಿ ಪ್ರಾಣಿಗಳಿಗೇ ಜನರನ್ನು ನೋಡಿ ಸಾಕಾಗುವಷ್ಟು ಜನ. ಅಲ್ಲಿನ ಅದ್ವೈತ ಎಂಬ ದೈತ್ಯ ಆಮೆ 2006ರಲ್ಲೇ ತೀರಿಕೊಂಡಿತು, ಆದರೂ ಅಪ್ಪನ ಪಟ್ಟಿಯಲ್ಲಿ ಅದಿನ್ನೂ ಜೀವಂತ. ಆರು ವರ್ಷದ ಮಗನಿಗೂ ಹದಿನಾರರ ಮಗನಿಗೂ ಭೇದವೇ ಕಾಣದ ಮನಸ್ಸು. ಅದೂ ಒಂದು ಬಗೆಯ ಅದ್ವೈತವೇ. ಈ ವಿಷಯದಲ್ಲಿ ರೈಲ್ವೆ ಇಲಾಖೆ ಅಪ್ಪನಿಗಿಂತ ಮುಂದಿದೆ. ಹನ್ನೆರಡು ತುಂಬಿದವರಿಗೆ ಅದು ಪೂರ್ತಿ ಟಿಕೆಟ್ ಹಾಕುತ್ತದೆ, ‘ನೋಡೋಕೆ ಚಿಕ್ಕವನೇ’ ಎಂಬ ವಾದ ಟಿಟಿಇ ಎದುರು ನಡೆಯುವುದಿಲ್ಲ. ಮಗಳಿಗೂ ಮಗನಿಗೂ ಪೂರ್ತಿ ಟಿಕೆಟಿನ ದುಡ್ಡು ಕೊಟ್ಟ ಅಪ್ಪ, ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನದಲ್ಲಿ ಅವರಿಗೆ ಅರ್ಧ ಮತವನ್ನೂ ಕೊಟ್ಟಿಲ್ಲ.

ಇದಕ್ಕೆ ಅಪ್ಪಂದಿರ ಕಡೆಯಿಂದ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಯೋಜನೆಯೇ ಇಲ್ಲದೆ ಡಿಸೆಂಬರ್ ಕೊನೆಯ ವಾರದಲ್ಲಿ ಹೊರಟವರು ತತ್ಕಾಲ್ ಟಿಕೆಟಿಗೆ ಬೆರಳು ಸವೆಸಿ, ಕೊನೆಗೆ ಬ್ರಿಗೇಡ್ ರಸ್ತೆಯ ದೀಪ ನೋಡಿ ಮನೆಗೆ ಬರುತ್ತಾರೆ. ಮಗನಿಗೆ ಜನವರಿಯಲ್ಲಿ ಜೆಇಇ ಮೇನ್‌ನ ಮೊದಲ ಸುತ್ತು ಇದ್ದರಂತೂ ಕೋಚಿಂಗ್‌ನವರಿಂದ ಮೂರು ದಿನ ಬಿಡಿಸಿಕೊಳ್ಳಲು ಜಾಮೀನು ಅರ್ಜಿಯನ್ನೇ ಹಾಕಬೇಕು. ಒಪ್ಪತಕ್ಕ ಮಾತು. ಆದರೆ ಇದು ಏನನ್ನು ಸಾಧಿಸುತ್ತದೆ? ಹೋಗುವ ಟಿಕೆಟ್, ಬರುವ ಟಿಕೆಟ್, ಮಲಗುವ ಜಾಗ, ಇಷ್ಟಕ್ಕೆ ಯೋಜನೆ ಬೇಕು ಎಂಬುದನ್ನು ಮಾತ್ರ. ದೇಶದ ಮೊದಲ ಪಂಚವಾರ್ಷಿಕ ಯೋಜನೆ ಕೂಡ 1951ರಲ್ಲಿ ಕೃಷಿ, ನೀರಾವರಿಗೆ ಒತ್ತು ಕೊಟ್ಟು ತಕ್ಕಮಟ್ಟಿಗೆ ಗೆದ್ದಿತು. ಊಟ, ಸೂರು, ಸಾಗಾಟ ನೋಡಿಕೊಳ್ಳುವ ತನಕ ಯಾವ ಆಯೋಗವೂ ಹಾಸ್ಯಾಸ್ಪದವಾಗುವುದಿಲ್ಲ. ಸಂಜೆ 4:20ರಿಂದ 4:35ರ ತನಕ ‘ವಿಕ್ಟೋರಿಯಾ ಸ್ಮಾರಕದ ಮುಂದೆ ಫ್ರೀ ಟೈಮ್’ ಎಂದು ಬರೆಯುವಾಗ ಆಗುತ್ತದೆ.

ಎರಡನೆಯ ಆಕ್ಷೇಪ: ಬಿಟ್ಟರೆ ಇವರು ಹೋಟೆಲ್ ಕೋಣೆಯಲ್ಲಿ ಮೊಬೈಲ್ ಹಿಡಿದುಕೊಂಡೇ ಬಿದ್ದಿರುತ್ತಾರೆ. ಬಿದ್ದಿರುತ್ತಾರೆ ನಿಜ, ಆದರೆ ಅದೇ ಮೊಬೈಲಿನಲ್ಲಿ ಏನು ನೋಡುತ್ತಿದ್ದಾರೆ ಎಂದು ಅಪ್ಪ ಇಣುಕಿದ್ದರೆ, ಬೋ ಬ್ಯಾರಕ್ಸ್ ಎಲ್ಲಿದೆ, ಯಾವ ಅಂಗಡಿಯ ರೋಲ್ ಚೆನ್ನ, ಎಷ್ಟು ಹೊತ್ತಿಗೆ ಹೋದರೆ ಕಾಲಿಡಲು ಜಾಗ ಸಿಗುತ್ತದೆ ಎಂಬುದನ್ನೆಲ್ಲ ಮಗಳು ಮೂರು ರೀಲ್ಸ್‌ನಲ್ಲಿ ಮುಗಿಸಿರುತ್ತಾಳೆ. ಅಪ್ಪ ಅದನ್ನೇ ಮೂರು ವಾರ ಹುಡುಕಿದ್ದ, ಕಾಲಂ ಮಾಡಿದ್ದ. ‘ಏನಮ್ಮಾ, ಪ್ಲಾನ್ ಹೇಗಿದೆ?’ ಎಂದು ಕೇಳಿದರೆ ‘ಓಕೆ ಅಪ್ಪಾ’ ಎನ್ನುತ್ತಾಳೆ. ಈ ‘ಓಕೆ’ ಒಪ್ಪಿಗೆಯಲ್ಲ, ಸಭಾತ್ಯಾಗ. ಇದಕ್ಕೆ ಬಾಲವಾಗಿ ಸುರಕ್ಷತೆಯ ಪ್ರಶ್ನೆಯೂ ಬರುತ್ತದೆ: ಗೊತ್ತಿಲ್ಲದ ಊರು, ಆ ಪಾಟಿ ಜನ. ಆದರೆ ಪಾರ್ಕ್ ಸ್ಟ್ರೀಟ್‌ನಿಂದ ನ್ಯೂ ಮಾರ್ಕೆಟ್ ನಡೆದು ಹೋಗುವಷ್ಟೇ ದೂರ, ಹಬ್ಬದ ಸಂಜೆ ದಾರಿಯುದ್ದಕ್ಕೂ ಪೊಲೀಸರು. ಅಣ್ಣ ತಂಗಿ ಜೊತೆಯಾಗಿ ಎರಡು ಗಂಟೆ ಸುತ್ತಿ ಬಂದರೆ, ಮನೆಯಲ್ಲಿ ಚಾರ್ಜರಿಗಾಗಿ ಕಿತ್ತಾಡುವ ಅವರಿಬ್ಬರೂ ದಾರಿಗಾಗಿಯಾದರೂ ಒಬ್ಬರನ್ನೊಬ್ಬರು ನಂಬಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಫ್ಯಾಮಿಲಿ ಸ್ಪೆಷಲ್ ಯಾವ ಹಾಳೆಯಲ್ಲಿದೆ?

ಮೂರನೆಯ ಆಕ್ಷೇಪ ಊರಿನಿಂದ ಫೋನಿನಲ್ಲಿ ಬರುತ್ತದೆ: ‘ನಮ್ಮದಲ್ಲದ ಹಬ್ಬಕ್ಕೆ ಅಷ್ಟು ದೂರ ಯಾಕೋ?’ ಉತ್ತರ ನ್ಯೂ ಮಾರ್ಕೆಟ್ಟಿನಲ್ಲಿದೆ. 1874ರ ಆ ಮಾರುಕಟ್ಟೆಯ ಒಳಗೆ ನಹೂಮ್ ಎಂಬ ಬೇಕರಿ ಇದೆ. 1902ರಲ್ಲಿ ಬಾಗ್ದಾದಿ ಯೆಹೂದಿ ಮನೆತನ ಆರಂಭಿಸಿದ ವ್ಯಾಪಾರ. ಡಿಸೆಂಬರಿನಲ್ಲಿ ಅದರ ಪ್ಲಮ್ ಕೇಕಿಗಾಗಿ ಊರಿಗೆ ಊರೇ ಸಾಲು ನಿಲ್ಲುತ್ತದೆ. ಯೆಹೂದಿ ಅಂಗಡಿ, ಕ್ರೈಸ್ತ ಹಬ್ಬ, ಸಾಲಿನಲ್ಲಿ ನಿಂತವರಲ್ಲಿ ಬಹುಪಾಲು ಈ ಎರಡೂ ಅಲ್ಲದವರು. ಹಬ್ಬ ಯಾರದು ಎಂಬ ಪ್ರಶ್ನೆ ಆ ಸಾಲಿನ ತುದಿ ಮುಟ್ಟುವಷ್ಟರಲ್ಲಿ ಮರೆತುಹೋಗಿರುತ್ತದೆ; ಉಳಿಯುವುದು ‘ಮೊಟ್ಟೆ ಹಾಕಿರ್ತಾರಾ?’ ಎಂಬ ಪ್ರಶ್ನೆ ಒಂದೇ. ಆ ಬಗ್ಗೆ ಅಮ್ಮನಿಗೆ ಚಿಂತೆಯಿಲ್ಲ. ಕೋಡುಬಳೆ, ಚಟ್ನಿಪುಡಿ, ಅವಲಕ್ಕಿಯ ಡಬ್ಬಗಳು ಸೂಟ್‌ಕೇಸಿನ ಅರ್ಧಭಾಗವನ್ನು ಯಾವ ಆಯೋಗದ ಅನುಮತಿಯೂ ಇಲ್ಲದೆ ಆಕ್ರಮಿಸಿರುತ್ತವೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಹಳೆಯದು: ದುಡ್ಡು ಕೊಡುವವನು ನಾನು, ಹೇಳುವವನೂ ನಾನೇ. ಯೋಜನಾ ಆಯೋಗದ ಬಲವಿದ್ದದ್ದೂ ಇಲ್ಲೇ, ರಾಜ್ಯಗಳಿಗೆ ಹಣ ಹಂಚುವ ಅಧಿಕಾರದಲ್ಲಿ. ಅದರ ಮೇಲೆ ರಾಜ್ಯಗಳ ಸಿಟ್ಟೂ ಅದಕ್ಕೇ: ದೆಹಲಿಯಲ್ಲಿ ಕುಳಿತು ಎಲ್ಲ ಊರಿಗೂ ಒಂದೇ ಅಳತೆಯ ಅಂಗಿ ಹೊಲಿಯುತ್ತಾರೆ ಎಂದು. ಅದರ ಜಾಗಕ್ಕೆ ಬಂದ ನೀತಿ ಆಯೋಗಕ್ಕೆ ಸಲಹೆ ಕೊಡುವ ಕೆಲಸವಿದೆ, ಹಣ ಹಂಚುವ ಅಧಿಕಾರವಿಲ್ಲ. ಹದಿಹರೆಯದ ಮಕ್ಕಳಿರುವ ಅಪ್ಪನಿಗೆ ಒದಗಿಬರುವ ಹುದ್ದೆಯೂ ಹೆಚ್ಚುಕಡಿಮೆ ಇದೇ, ಒಂದು ಕಷ್ಟದ ಜೊತೆಗೆ: ಸಲಹೆಯೂ ಅವನದೇ, ಬಿಲ್ಲೂ ಅವನದೇ, ತೀರ್ಮಾನ ಮಾತ್ರ ರಾಜ್ಯಗಳದು. ಅನ್ಯಾಯ ಎನಿಸಬಹುದು. ಆದರೆ 24ರ ರಾತ್ರಿಯನ್ನು ಮಕ್ಕಳ ಕೈಗೆ ಕೊಟ್ಟರೆ ಆಗುವ ನಷ್ಟವೇನು? ಹೆಚ್ಚೆಂದರೆ ಹೂವಿನ ಸಂತೆ ತಪ್ಪುತ್ತದೆ. 1934ರ ಭೂಕಂಪದಲ್ಲಿ ಕ್ಯಾಥೆಡ್ರಲ್‌ನ ಗೋಪುರ ಬಿದ್ದು ಕ್ಯಾಂಟರ್ಬರಿಯ ಮಾದರಿಯಲ್ಲಿ ಮತ್ತೆ ಎದ್ದ ಕಥೆ ಲ್ಯಾಮಿನೇಶನ್ ಒಳಗೇ ಉಳಿಯುತ್ತದೆ. ಅದನ್ನೂ ನಡುರಾತ್ರಿಯ ಸಾಲಿನಲ್ಲಿ ಮಗಳೇ ಕೇಳಬಹುದು, ಬೇಜಾರಾಗಿಯಾದರೂ. ಕೇಳಿದ ಪ್ರಶ್ನೆಗೆ ಹೇಳುವ ಉತ್ತರ, ಕೇಳದೆ ಮಾಡುವ ಉಪನ್ಯಾಸಕ್ಕಿಂತ ಚಿಕ್ಕದಾಗಿರುತ್ತದೆ. ಅಪ್ಪನಿಗೂ ಒಂದಿಷ್ಟು ಉಸಿರು ಉಳಿಯುತ್ತದೆ.

ಇಷ್ಟೆಲ್ಲ ಲೆಕ್ಕ ಬಲ್ಲ ಮನುಷ್ಯನಿಗೆ ಇದೊಂದು ತಿಳಿಯದೇ? ತಿಳಿದಿದೆ ಎಂಬುದಕ್ಕೆ ಹಾಳೆಯ ಹೆಸರೇ ಸಾಕ್ಷಿ. ಬರುವ ವರ್ಷ ಮಗನಿಗೆ ಪರೀಕ್ಷೆಗಳ ಸಾಲು, ಅದರಾಚೆ ಹಾಸ್ಟೆಲ್. ಮಗಳ ರಜೆ ಒಂದು ಕಡೆ, ಮಗನ ರಜೆ ಇನ್ನೊಂದು ಕಡೆ. ನಾಲ್ಕು ಟಿಕೆಟ್ಟು ಒಂದೇ ಪಿಎನ್‌ಆರ್‌ನಲ್ಲಿ ಬರುವ ಡಿಸೆಂಬರುಗಳು ಇನ್ನೆಷ್ಟು ಎಂದು ಅವನು ಎಣಿಸಿಯೇ ‘ಸ್ಪೆಷಲ್’ ಎಂದು ಬರೆದದ್ದು, ‘ಫೈನಲ್’ ಎಂದೂ ಬರೆದದ್ದು. ನಿಮಿಷಗಳನ್ನು ಹೀಗೆ ತುಂಬಿಸುವುದು ಅದಕ್ಕೇ, ಗೋಣಿಚೀಲಕ್ಕೆ ಸಂಕ್ರಾಂತಿಯ ಅವರೆಕಾಯಿ ತುಂಬುವವರ ಹಾಗೆ, ಅದುಮಿ ಅದುಮಿ. ದೇಶದ ಪಂಚವಾರ್ಷಿಕ ಯೋಜನೆಗಳು ಹನ್ನೆರಡಕ್ಕೆ ನಿಂತವು. ಹನ್ನೆರಡನೆಯದು 2017ರಲ್ಲಿ ಮುಗಿಯಿತು, ಹದಿಮೂರನೆಯದು ಬರಲಿಲ್ಲ. ಮಕ್ಕಳ ವಿಷಯದಲ್ಲೂ ಲೆಕ್ಕ ಅಷ್ಟೆ. ಹನ್ನೆರಡರ ತನಕ ಅಪ್ಪನ ಯೋಜನೆ ನಡೆಯುತ್ತದೆ. ಹದಿಮೂರಕ್ಕೆ ಮಗಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಮೃಗಾಲಯದ ಸಾಲನ್ನು ಅಳಿಸಿ, ‘ಇಲ್ಲಿ ಏನೂ ಬೇಡ, ಖಾಲಿ ಇರಲಿ’ ಎನ್ನುತ್ತಾಳೆ. ಅಪ್ಪ ಆ ಖಾಲಿ ಚೌಕವನ್ನು ಒಂದು ಕ್ಷಣ ನೋಡುತ್ತಾನೆ. ಆಮೇಲೆ, ಹಾಗೇ ಬಿಡಲಾರದೆ, ಅದಕ್ಕೂ ಒಂದು ಬಣ್ಣ ತುಂಬುತ್ತಾನೆ.