ರಾಗಿ ಡಬ್ಬದಲ್ಲಿ ತಾತಪ್ಪ

ನಿನ್ನೆ ರಾತ್ರಿ ಅತಿಥಿಗಳು ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದಾಗ ನಮ್ಮ ಯಜಮಾನರು ಇಸ್ತ್ರಿ ಅಂಗಿ ತೊಟ್ಟು, ಮೊಣಕೈವರೆಗೂ ರಾಗಿ ಹಿಟ್ಟಿನ ಡಬ್ಬಕ್ಕೆ ಕೈಯಿಳಿಸಿ ನಿಂತಿದ್ದರು. ನನಗೆ ಇನ್ನೂ ನಗು ತಡೆಯುತ್ತಿಲ್ಲ. ಅವರು ಮಾತು ಬಿಟ್ಟಿದ್ದರು.

ಕಳೆದುಹೋಗಿದ್ದು ಬಿಳಿ ಟ್ರಫಲ್. ಭಾನುವಾರ ನಾವಿರುವ ಟೂರಿನ್‌ನಿಂದ 60 ಕಿಲೋಮೀಟರ್ ದೂರದ ಆಲ್ಬಾದ ಟ್ರಫಲ್ ಜಾತ್ರೆಗೆ ಹೋಗಿ 22 ಗ್ರಾಂ ತಂದಿದ್ದರು. ಬೆಲೆಯಲ್ಲಿ ಒಂದು ಸೊನ್ನೆ ನುಂಗಿ ಹೇಳಿದರೂ ಅವ್ವ ಗೋಡೆ ಹಿಡಿದು ಕೂತಳು. ಮಗಳು ಇಟಾಲಿಯನ್ನಿನಲ್ಲಿ 'ತಾರ್ತುಫೋ' ಎಂದು ಹೇಳಿಕೊಟ್ಟಳು. ಅವ್ವನ ಬಾಯಲ್ಲಿ ಅದು ತಾತಪ್ಪ ಆಯಿತು. ಓಕ್, ಹೇಜಲ್ ಮರಗಳ ಬೇರಿಗಂಟಿ ಮಣ್ಣೊಳಗೇ ಬೆಳೆಯುವ ಅಣಬೆ, ನಾಯಿ ಮೂಸಿ ಹುಡುಕುತ್ತದೆ ಎಂದೆ.

"ನಾಯಿಕೊಡೆ ಅಂತ ಸುಮ್ಕೆ ಹೆಸ್ರಿಟ್ರಾ?"

ತಾತಪ್ಪನ ಉಪಚಾರ ಸಣ್ಣದಲ್ಲ. ನೀರು ಸೋಕಿಸಿ ಇಡುವಂತಿಲ್ಲ. ಪೇಪರ್ ಟವೆಲ್ ಸುತ್ತಿ, ಗಾಜಿನ ಜಾಡಿಯಲ್ಲಿ ಮುಚ್ಚಿ, ಫ್ರಿಜ್ಜಿನಲ್ಲಿಟ್ಟು, ದಿನಾ ಪೇಪರ್ ಬದಲಿಸಬೇಕು. "ನಿಂಗೂ ದಿನಕ್ಕೊಂದು ಒಣಬಟ್ಟೆ ಸಿಕ್ಕಿರ್ಲಿಲ್ಲ ಕಣೆ" ಎಂದಳು ಅವ್ವ. ಘಮ ಚಿಪ್ಪು ದಾಟಿ ಒಳಗಿಳಿಯಲೆಂದು ಜಾಡಿಯಲ್ಲೇ ಎರಡು ಮೊಟ್ಟೆ ಬೇರೆ. "ತಾತಪ್ಪ ಕಾವಿಗೆ ಕೂತವ್ನಾ?"

ಘಮ ಮೊಟ್ಟೆಗಷ್ಟೇ ಇಳಿದಿದ್ದರೆ ಸರಿ. ಹಾಲಿಗೂ ಇಳಿಯಿತು. ಅವ್ವನ ಕಾಫಿ ಗ್ಯಾಸ್ ಲೀಕಾದ ಹಾಗೆ ನಾರಿತು. (ಎರಡರ ವಾಸನೆಗೂ ಗಂಧಕವೇ ಮೂಲ, ಅವಳ ಮೂಗು ಸುಳ್ಳಾಡಲ್ಲ.) ಅಳಿಯಂದಿರನ್ನು ಬೈಯುವಂತಿಲ್ಲ, ಫ್ರಿಜ್ಜನ್ನು ಬೈದಳು. ನಂತರ ಹುತ್ರಿದುರ್ಗದ ಕಡೆಯ ಹೆಂಗಸು ಬೆಲೆಬಾಳುವುದನ್ನು ಎಲ್ಲಿಡುತ್ತಾಳೋ ಅಲ್ಲಿಟ್ಟಳು. ಕೆಂಪೇಗೌಡರು ಬೆಟ್ಟಕ್ಕೆ ಸುತ್ತುಸುತ್ತಾಗಿ ಕೋಟೆ ಕಟ್ಟಿಸಿರಬಹುದು. ಬೆಟ್ಟದ ಬುಡದ ನಮ್ಮ ಮನೆಯಲ್ಲಿ ಓಲೆ, ಉಂಗುರಕ್ಕೆಲ್ಲ ರಾಗಿಯೇ ಕೋಟೆ.

"ಬೆಚ್ಚಗವ್ನೆ ಬಿಡು" ಎಂದಳು, ಜಾಡಿಯಲ್ಲಿ ಬರೀ ಮೊಟ್ಟೆ ಕಂಡು ಯಜಮಾನರು ಬೆವರುವಾಗ.

ತಾತಪ್ಪ ಪುಟ್ಟ ಮುದ್ದೆಯ ಹಾಗೆ ಮೇಲೆದ್ದು ಬಂದ. ಸಂದುಗೊಂದಿನಲ್ಲೆಲ್ಲ ರಾಗಿ. ತೊಳೆಯಲು ಇವರು ಬಿಡರು. ಮಗಳ ಹಲ್ಲುಜ್ಜುವ ಬ್ರಷ್ ಕಸಿದುಕೊಂಡು ಬಚ್ಚಲಿಗೆ ನುಗ್ಗಿದರು. ಬೆಲ್ಲಾಯಿತು. ಬಾಗಿಲು ತೆಗೆದ ಮಗಳು ಅಚ್ಚ ಇಟಾಲಿಯನ್ನಿನಲ್ಲಿ ಸಾರಿದಳು: "ಅಪ್ಪ ಬಚ್ಚಲಲ್ಲಿದ್ದಾರೆ. ತಾತಪ್ಪನಿಗೆ ಹಲ್ಲುಜ್ಜುತ್ತಿದ್ದಾರೆ." ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರೊಬ್ಬರು ಇದ್ದಾರೆಂದುಕೊಂಡ ಅತಿಥಿಗಳು ಅರ್ಧ ಗಂಟೆ ಪಿಸುಮಾತಿನಲ್ಲೇ ಮಾತಾಡಿದರು.

ಬೆಣ್ಣೆಯಲ್ಲಿ ಹೊರಳಿಸಿದ ಬಿಸಿ ಪಾಸ್ತಾದ ಮೇಲೆ ಹಸಿ ಟ್ರಫಲ್ಲನ್ನು ತೆಳ್ಳಗೆ ಹೆರೆದು ಉದುರಿಸಿದ್ದಾಯಿತು. ಅತಿಥಿ ಕಣ್ಣು ಮುಚ್ಚಿ, ಇಂಥ ಮಣ್ಣಿನ ಘಮ ಈ ವರ್ಷ ಸಿಕ್ಕಿರಲಿಲ್ಲ ಎಂದರು. ಮಣ್ಣು ಯಾವ ಊರಿನದೆಂದು ನಾನು ಬಾಯಿಬಿಡಲಿಲ್ಲ.

ಅವ್ವ ಎರಡು ಚೂರು ತಿಂದಳು. "ಗುಡುಗು ಹೊಡ್ದ ಬೆಳಿಗ್ಗೆ ಹುತ್ತದ ಮೇಲೆ ಅಣಬೆ ಏಳೋವು. ಮಡಿಲು ತುಂಬ ತರ್ತಿದ್ದೆ. ಮಡಗೋ ಮಾತೇ ಇಲ್ಲ, ಸಂಜೆಗೆ ಹುಳ ಬೀಳೋವು." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಮ್ಮಪ್ಪಂಗೆ ಎಷ್ಟಿದ್ರೂ ಸಾಲ್ತಿರ್ಲಿಲ್ಲ."

ಇವತ್ತು ಮಧ್ಯಾಹ್ನ ಅದೇ ಹಿಟ್ಟಿನಲ್ಲಿ ಮುದ್ದೆ. ಮುದ್ದೆ ಕಂಡರೆ ಮೂಗು ಮುರಿಯುವ ಮಗಳು ಇನ್ನೊಂದು ಕೇಳಿದಳು. ಬಿಸಿ ತಾಗಿದರೆ ಘಮ ಹಾರಿಹೋಗುತ್ತದೆಂದು ಮೂರು ದಿನ ಪಾಠ ಮಾಡಿದ್ದ ಯಜಮಾನರು ಹಬೆಯಾಡುವ ಮುದ್ದೆಗೆ ಮೂಗು ತಾಗಿಸಿ, ಮೌನ ಮುರಿದು, "ಇದೆ, ಇದೆ" ಎಂದರು.

ಸಂಜೆ ಹಾಲು ತೆಗೆಯಲು ಹೋದರೆ ಫ್ರಿಜ್ಜಿನೊಳಗೆ ರಾಗಿ ಡಬ್ಬ. ಸುತ್ತಲೂ ಹೊಸ ಪೇಪರ್ ಟವೆಲ್.