ಇಬ್ಬರಿಗೂ ಹತ್ತೇ ಬರದೀನಿ!

ಪಕ್ಕದ ಮನೆ ಕಾಕಾ ವಿಜಾಪುರದ ಕಡೆಯವರು. ನಾಸಿಕ್ ರೋಡಿನ ಕರೆನ್ಸಿ ನೋಟ್ ಪ್ರೆಸ್ಸಿನಲ್ಲಿ ದುಡಿದು ನಿವೃತ್ತರಾದವರು. 1928ರಿಂದ ನೋಟು ಅಚ್ಚಾಗುತ್ತಿರುವ ಜಾಗದಲ್ಲಿ ಪಳಗಿದ ಕಣ್ಣು. ಅಂಕಿ ಒಂಚೂರು ಆಚೀಚೆಯಾದರೂ ಅವರಿಗೆ ಊಟ ಸೇರದು.

“ತಮ್ಮಾ, ನಿಮ್ಮ ಲಿನಕ್ಸ್ ಪಕ್ಷಪಾತ ಮಾಡ್ತದ ನೋಡು” ಅಂದರು, ಕಾಂಪೌಂಡ್ ಗೋಡೆಗೆ ಮೊಣಕೈ ಊರಿ.

ಮೇಲಿನ ಎರಡು ಖೋಲಿಗಳನ್ನು ಹುಡುಗರಿಗೆ ಬಾಡಿಗೆ ಕೊಟ್ಟಿದ್ದಾರೆ. 50 ಮೆಗಾಬಿಟ್‌ನ ಲೈನು ಒಂದೇ. ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ನಡುವೆ ಕೂರಿಸಿ, ‘ಟಿಸಿ’ ಕಮಾಂಡಿನಿಂದ ತಲಾ ಹತ್ತರಂತೆ ಹಂಚಿದ್ದಾರೆ. ಒಬ್ಬನಿಗೆ ಡೌನ್‌ಲೋಡ್ 1.2ರ ಮೇಲೆ ಏರುವುದಿಲ್ಲ. ಇನ್ನೊಬ್ಬ ಇಡೀ ಲೈನನ್ನೇ ಹೀರುತ್ತಾನೆ.

“ಇಬ್ಬರಿಗೂ ಹತ್ತೇ ಬರದೀನಿ!”

“ಹತ್ತರ ಮುಂದ ಏನು ಬರದೀರಿ ಕಾಕಾ?”

ಚೀಟಿ ಗೋಡೆ ದಾಟಿ ಬಂತು. ಒಂದು ಸಾಲಿನಲ್ಲಿ ‘10 ಎಂಬಿಟ್’, ಇನ್ನೊಂದರಲ್ಲಿ ‘10 ಎಂಬಿಪಿಎಸ್’. ನೆಟ್ ಮಾರುವವರ ಬಾಯಲ್ಲಿ ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಟಿಸಿಗೆ ಮಾತ್ರ ಅದು ಮೆಗಾಬೈಟ್. ಅಂದರೆ ಎರಡನೇ ಹುಡುಗನಿಗೆ 80 ಮೆಗಾಬಿಟ್ ಮಂಜೂರು! ಲೈನೇ 50 ಇರುವಾಗ ಇನ್ನೆಲ್ಲಿಯ ಲಗಾಮು? ಹೀಗೆ ಹೆಸರಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ; ಮ್ಯಾನ್ಯುಯಲ್‌ನಲ್ಲಿ ಬರೆದಿದ್ದೇವೆ ಅನ್ನುತ್ತಾರೆ, ಅದನ್ನು ಓದುವವರು ಯಾರು?

“ಮತ್ತ ಆ 1.2? ಹತ್ತು ಎಲ್ಲಿ ಹೋತು?”

ಎಲ್ಲಿಗೂ ಹೋಗಿಲ್ಲ. ಬ್ರೌಸರ್ ತೋರಿಸುವುದು ಬೈಟ್. ಹತ್ತನ್ನು ಎಂಟರಿಂದ ಭಾಗಿಸಿದರೆ 1.25. ಟಿಸಿ ಲೆಕ್ಕ ಹಿಡಿಯುವ 1514 ಬೈಟ್‌ನ ಪ್ರತಿ ಪೊಟ್ಟಣದಲ್ಲಿ ಅಸಲಿ ಸರಕು 1448ರಷ್ಟು. ಉಳಿದದ್ದು ವಿಳಾಸ, ಲೆಕ್ಕಪತ್ರ. ಅದನ್ನು ಕಳೆದರೆ 1.2ರ ಹತ್ತಿರ ನಿಲ್ಲುತ್ತದೆ. ಹುಡುಗನಿಗೆ ಸಿಕ್ಕಿದ್ದು ಕೊಟ್ಟಷ್ಟೇ.

ಹಾಗಂತ ಟಿಸಿ ಸತ್ಯಹರಿಶ್ಚಂದ್ರ ಅಂತೇನೂ ಅಲ್ಲ. ಅದು ಸರಿಯಾಗಿ ಹಿಡಿಯುವುದು ನೆಟ್‌ವರ್ಕ್ ಕಾರ್ಡಿನಿಂದ ಹೊರಬೀಳುವ ದಟ್ಟಣೆಯನ್ನು. ಹುಡುಗರ ಡೌನ್‌ಲೋಡಿಗೆ ಮಿತಿ ಬೇಕಾದರೆ ಕೊಠಡಿಗಳ ಕಡೆಯ ಕಾರ್ಡಿಗೇ ಕಟ್ಟಬೇಕು, ಲೈನಿನ ಕಡೆಯದಕ್ಕಲ್ಲ. ಕಾಕಾ ಇದನ್ನು ಸರಿಯಾಗೇ ಮಾಡಿದ್ದರು.

ಇನ್ನೊಂದು ತಂಟೆ ಆಫ್‌ಲೋಡಿನದು. ಕೆಲಸ ಹಗುರಾಗಲಿ ಅಂತ ಕರ್ನಲ್ ಸಣ್ಣ ಪೊಟ್ಟಣಗಳನ್ನೆಲ್ಲ 64 ಕೆಬಿವರೆಗಿನ ಒಂದೇ ಗಂಟು ಕಟ್ಟುತ್ತದೆ. ತ್ರ್ಯಂಬಕೇಶ್ವರದ ದರ್ಶನದ ಸಾಲಿನಲ್ಲಿ ಒಂದೇ ಪಾಸು ಹಿಡಿದು ಇಡೀ ಬೀಗರ ಬಳಗ ನುಗ್ಗಿದ ಹಾಗೆ. ‘ಟಿಬಿಎಫ್’ ಅನ್ನುವ ಮಿತಿಗಾರನ ಬುಟ್ಟಿ ಆ ಗಂಟಿಗಿಂತ ಚಿಕ್ಕದಿದ್ದರೆ ಹಳೇ ಕರ್ನಲ್‌ಗಳಲ್ಲಿ ಗಂಟಿಗೆ ಗಂಟೇ ಕಸಕ್ಕೆ. ವೇಗ ನೆಲಕಚ್ಚುತ್ತಿತ್ತು. ಈಗಿನವು ಬಿಚ್ಚಿ ಬಿಡಿಬಿಡಿಯಾಗಿ ಕಳಿಸುತ್ತವೆ. ಅನುಮಾನ ಬಂದರೆ ‘ಇಥ್‌ಟೂಲ್’ನಿಂದ ಜಿಎಸ್‌ಒ, ಟಿಎಸ್‌ಒ, ಜಿಆರ್‌ಒ ಎಂಬ ಆಫ್‌ಲೋಡ್‌ಗಳನ್ನು ಬಂದ್ ಮಾಡಿ ‘ಐಪರ್ಫ್3’ರಲ್ಲಿ ಅಳೆಯುವುದು ಒಳ್ಳೆಯದು. ‘ಟಿಸಿ -ಎಸ್’ ಕೊಟ್ಟರೆ ಎಷ್ಟು ಉದುರಿತು ಅನ್ನುವುದೂ ಗೊತ್ತಾಗುತ್ತದೆ. ಹತ್ತಾರು ವೆಬ್‌ಸೈಟಿನಲ್ಲಿ ಸ್ಪೀಡ್ ಟೆಸ್ಟ್ ಒತ್ತುವುದು ಬರೀ ಕಾಲಹರಣ.

ಕಾಕಾಗೆ ಅಷ್ಟೆಲ್ಲ ಬೇಕಿರಲಿಲ್ಲ. ‘ಪಿಎಸ್’ ಅಳಿಸಿ ‘ಇಟ್’ ಹಾಕಿ ಬಂದರು. ಅವರು ಇನ್ನೂ ಗೋಡೆ ಬಿಟ್ಟಿರಲಿಲ್ಲ, ಮಹಡಿಯಿಂದ ಎರಡನೇ ಹುಡುಗನ ತಲೆ ಇಣುಕಿತು.

“ಕಾಕಾ, ನೆಟ್ ಕೆಟ್ಟದ!”

“ಕೆಟ್ಟಿಲ್ಲೋ, ಈಗ ಸರಿ ಆಗೇದ. ಹಳೇದು ಬೇಕಂದ್ರ ಎಂಟು ಪಟ್ಟು ಬಾಡಿಗಿ ಕೊಡು!”