ಮತ್ತಿ ಮರದ ಡಬ್ಬಿಯೊಡನೆ ಮುಕ್ಕಾಲು ಗಂಟೆ

(ಕಾಲ್ಪನಿಕ ಸಂದರ್ಶನ)

ಫೆಬ್ರುವರಿಯ ಒಂದು ಮಧ್ಯಾಹ್ನ. ಯಲ್ಲಾಪುರದಿಂದ ಮಾಗೋಡು ಜಲಪಾತದ ಕಡೆಗೆ ಹೋಗುವ ರಸ್ತೆ ಬಿಟ್ಟು ಕಾಡೊಳಗೆ ಇಳಿದ ಪತ್ರಿಕೆಯ ಪ್ರತಿನಿಧಿಗೆ ಕಾಲಿಟ್ಟಲ್ಲೆಲ್ಲ ದರಕಿನ, ಉದುರಿದ ಒಣ ಎಲೆಯ, ಸದ್ದು. ಮತ್ತಿ, ನಂದಿ, ಸಾಗವಾನಿ ಎಲ್ಲ ಎಲೆ ಕಳಚಿ ನಿಂತಿದ್ದವು. ಮುಂದೆ ಫೈರ್ ವಾಚರ್, ಸೊಂಟದ ಕೊಕ್ಕೆಯಲ್ಲಿ ಕತ್ತಿ. ಹಿಂದೆ ಪ್ರತಿನಿಧಿ, ಕೈಯಲ್ಲಿ ನೆಟ್‌ವರ್ಕ್ ಇಲ್ಲದ ಮೊಬೈಲು. ಒಂದು ದೊಡ್ಡ ಮತ್ತಿಯ ಬುಡದಲ್ಲಿ ವಾಚರ್ ನಿಂತು, ಮೇಲಕ್ಕೆ ಗದ್ದ ಎತ್ತಿ ತೋರಿಸಿದ. ಎರಡಾಳು ಎತ್ತರದಲ್ಲಿ, ಊಟದ ಡಬ್ಬಿಯಷ್ಟು ದೊಡ್ಡದೊಂದು ಬೂದುಬಣ್ಣದ ಪೆಟ್ಟಿಗೆ. ಕಾಡ್ಗಿಚ್ಚು ಪತ್ತೆ ಮಾಡುವ ನಿಸ್ತಂತು ಸೆನ್ಸರ್ ಜಾಲದ ಹದಿನೇಳನೆಯ ಸದಸ್ಯ ಅದು.

“ಮಲಗಿದೆ. ಯಾವಾಗ ನೋಡಿದ್ರೂ ಮಲಗಿರ್ತದೆ ಮಾರಾಯ್ರೆ” ಎಂದ ವಾಚರ್.

ಡಬ್ಬಿಗೆ ಅದು ಕೇಳಿಸಿತು. ಹಸಿರು ದೀಪವೊಂದು ಮಿನುಗಿತು.

“ಇದು ಸೋಮಾರಿತನ ಅಲ್ಲ, ಬ್ಯಾಟರಿ ನಿರ್ವಹಣೆ” ಎಂದು ಡಬ್ಬಿ ಮಾತು ಶುರು ಮಾಡಿತು. “ಕೆಲವು ನಿಮಿಷಕ್ಕೊಮ್ಮೆ ಏಳುತ್ತೇನೆ. ಗಾಳಿ ಮೂಸುತ್ತೇನೆ, ಉಷ್ಣ ಎಷ್ಟು, ತೇವ ಎಷ್ಟು ಎಂದು ನೋಡುತ್ತೇನೆ. ಅನುಮಾನ ಇಲ್ಲದಿದ್ದರೆ ಮತ್ತೆ ಮಲಗುತ್ತೇನೆ. ನಿದ್ದೆಯಲ್ಲಿ ಮೈಕ್ರೊ ಆಂಪಿಯರ್ ಲೆಕ್ಕದ ಕರೆಂಟು ಸಾಕು. ಹಗಲಿಡೀ ಎಚ್ಚರ ಇದ್ದರೆ ನನ್ನ ಕಥೆ ಕೆಲವೇ ದಿನದಲ್ಲಿ ಮುಗಿಯುತ್ತದೆ. ಅದೂ ಅಲ್ಲದೆ, ಹೊಗೆಯ ಅನಿಲ ಗುರುತಿಸಬೇಕೆಂದರೆ ನನ್ನೊಳಗಿನ ಸಾಸಿವೆಯಷ್ಟಗಲದ ತಟ್ಟೆಯೊಂದು ಮುನ್ನೂರು ಡಿಗ್ರಿ ಆಸುಪಾಸು ಕಾಯಬೇಕು. ಕಾಡಿನ ಬೆಂಕಿ ಕಾಯುವವನ ಹೊಟ್ಟೆಯಲ್ಲೇ ಒಂದು ಒಲೆ ಇದೆ. ಅದನ್ನು ಪದೇ ಪದೇ ಹೊತ್ತಿಸಲಾಗುವುದಿಲ್ಲ.”

ಹಾಗಾದರೆ ಬಿಸಿಲಿನ ಪ್ಯಾನೆಲ್ ಏಕೆ ಹಾಕಿಲ್ಲ ಎಂದು ಪ್ರತಿನಿಧಿ ಕೇಳಿದಾಗ ಡಬ್ಬಿ ಹೆಮ್ಮೆಯಿಂದ ನೆತ್ತಿ ತೋರಿಸಿತು. ಅಲ್ಲಿ ಅಂಗೈಯಗಲದ ಪ್ಯಾನೆಲ್ ಇತ್ತು.

“ಯೋಜನೆ ಬರೆದವರು ಕೋಣೆಯಲ್ಲಿ ಕೂತು, ದಟ್ಟ ಕಾಡಿನಲ್ಲಿ ಬಿಸಿಲು ಎಲ್ಲಿಂದ ಎಂದು ತಲೆ ಕೆರೆದುಕೊಂಡರಂತೆ. ಈ ಕಾಡೇ ಉತ್ತರ ಕೊಟ್ಟಿತು. ಮಳೆಗಾಲದಲ್ಲಿ ಇಲ್ಲಿ ಬಿಸಿಲೂ ಇಲ್ಲ, ಬೆಂಕಿಯೂ ಇಲ್ಲ. ಬೇಸಿಗೆಯಲ್ಲಿ ಎಲೆ ಉದುರಿ ನೆಲದಲ್ಲಿ ಉರಿಯುವ ಸರಕು ಬಿದ್ದಾಗಲೇ ನನ್ನ ನೆತ್ತಿಗೆ ಬಿಸಿಲೂ ಬೀಳುತ್ತದೆ. ಕೆಲಸ ಇದ್ದಾಗ ಊಟ, ಇಲ್ಲದಾಗ ಉಪವಾಸ. ಜರ್ಮನಿಯ ಡ್ರಯಾಡ್ ಕಂಪನಿಯ ನಮ್ಮ ಬಂಧುಗಳು ಲಿಥಿಯಂ ಬ್ಯಾಟರಿಯನ್ನೇ ಬಿಟ್ಟು ಸೂಪರ್ ಕೆಪಾಸಿಟರ್ ಇಟ್ಟುಕೊಂಡಿದ್ದಾರೆ. ಬೆಂಕಿ ಹಿಡಿಯಲು ಬಂದವನೇ ಬೆಂಕಿ ಹಿಡಿದರೆ ಮರ್ಯಾದೆ ಏನು?”

ವಾಚರ್ ಕವಳದ ಚೀಲ ಬಿಚ್ಚಿದ. ಅವನಿಗೆ ಈ ಮಾತು ಹೊಸದಲ್ಲ ಎಂದು ಕಾಣುತ್ತಿತ್ತು.

ಪ್ರತಿನಿಧಿಯ ಮುಂದಿನ ಪ್ರಶ್ನೆ ಸ್ವಲ್ಪ ಚುಚ್ಚುವಂಥದ್ದು: ಆಕಾಶದಲ್ಲಿ ಉಪಗ್ರಹಗಳಿರುವಾಗ ಮರದ ಮೇಲೆ ತಾವೇಕೆ?

“ಅವರು ಮೇಲಿನವರು. ಅವರ ಬಗ್ಗೆ ಕೆಟ್ಟ ಮಾತು ಆಡಬಾರದು” ಎಂದು ಡಬ್ಬಿ ಪೀಠಿಕೆ ಹಾಕಿತು, ಆಮೇಲೆ ಆಡಿತು. “ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದಲೂ ಉಪಗ್ರಹ ಕಂಡ ಬೆಂಕಿಯ ಸುದ್ದಿಯನ್ನು ರಾಜ್ಯಗಳಿಗೆ ಮುಟ್ಟಿಸುತ್ತಿದೆ. ದೊಡ್ಡ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಮೋಡಿಸ್ ಎಂಬ ಕಣ್ಣಿಗೆ ಒಂದು ಚುಕ್ಕೆ ಅಂದರೆ ಒಂದು ಚದರ ಕಿಲೋಮೀಟರ್. 2011ರಲ್ಲಿ ಮೇಲೆ ಹೋದ ಉಪಗ್ರಹದ ವಿಯರ್ಸ್ ಕಣ್ಣು ಇನ್ನೂ ಚುರುಕು, ಅದರ ಚುಕ್ಕೆಯ ಒಂದು ಬದಿ 375 ಮೀಟರ್. ಎಕರೆ ಲೆಕ್ಕದಲ್ಲಿ ಮೂವತ್ತೈದು ಆಯಿತು. ಮಧ್ಯಾಹ್ನ ಒಂದೂವರೆ ಹೊತ್ತಿಗೊಮ್ಮೆ, ರಾತ್ರಿ ಒಂದೂವರೆ ಹೊತ್ತಿಗೊಮ್ಮೆ ಹಾದು ಹೋಗುತ್ತದೆ. ಅರಬೈಲು ಘಟ್ಟದಲ್ಲಿ ಲಾರಿಯವನೊಬ್ಬ ಎರಡು ಗಂಟೆಗೆ ಬೀಡಿ ತುಂಡು ಎಸೆದ ಅಂತಿಟ್ಟುಕೊಳ್ಳಿ. ಆ ಬೆಂಕಿ ರಾತ್ರಿವರೆಗೆ ಕಾಯಬೇಕಲ್ಲ?”

ಕಾಯುವುದಿಲ್ಲ ಎಂಬುದಕ್ಕೆ ಡಬ್ಬಿ ಬಂಡೀಪುರದ ಉದಾಹರಣೆ ಕೊಟ್ಟಿತು. 2019ರ ಫೆಬ್ರುವರಿ 21ರಂದು ಹತ್ತಿದ ಅಲ್ಲಿನ ಬೆಂಕಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಕೆಟ್ಟಿನಲ್ಲಿ ನೀರು ತಂದು ಸುರಿಯಬೇಕಾಯಿತು. “ಹಸಿ ಸೊಪ್ಪಿನ ಟೊಂಗೆಯಿಂದ ಬಡಿದು ಆರಿಸುವ ಹೊತ್ತು ಒಂದಿರುತ್ತದೆ. ನಾನು ಹುಟ್ಟಿರುವುದು ಆ ಹೊತ್ತಿಗಾಗಿ. ಉರಿ ಏಳುವ ಮೊದಲು, ದರಕು ಒಳಗೊಳಗೇ ಕಮರುವಾಗಲೇ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದನ್ನು ಹಿಡಿದರೆ ನಾನು ಗೆದ್ದೆ.”

ಯೋಜನೆಯ ವಿಷಯ ಬಂದಾಗ ಡಬ್ಬಿಯ ದನಿ ತಗ್ಗಿತು. ಅಲ್ಲಿ ನಡೆದದ್ದನ್ನು ಅದು ಹೀಗೆ ವಿವರಿಸಿತು: ಮೊದಲು ನಕ್ಷೆಯ ಮೇಲೆ ಚೌಕಳಿ ಎಳೆದರು. ಹೆಕ್ಟೇರಿಗೊಂದು ಡಬ್ಬಿ ಎಂದರೆ ಚದರ ಕಿಲೋಮೀಟರಿಗೆ ನೂರು. ಹತ್ತು ಚದರ ಕಿಲೋಮೀಟರಿಗೆ ಸಾವಿರ. ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣವೇ ಹತ್ತು ಸಾವಿರ ಚದರ ಕಿಲೋಮೀಟರಿಗೆ ಮೇಲೆ, ಅದರಲ್ಲಿ ಬಹುಪಾಲು ಕಾಡು. ಗುಣಾಕಾರ ಮಾಡುತ್ತಿದ್ದವರು ಅರ್ಧಕ್ಕೇ ಪೆನ್ನು ಮುಚ್ಚಿದರು.

“ಸಿದ್ದಾಪುರದ ಕತ್ತಲೆಕಾನಿಗೂ ಚೌಕಳಿ ಹಾಕಿದ್ದರು, ಗೊತ್ತೇ? ರಾಮಪತ್ರೆ ಜಡ್ಡಿ ಇರುವ ಜಾಗ. ನೆಲದಲ್ಲಿ ನೀರು, ಮೇಲೆ ಬಿಸಿಲು ಇಳಿಯದ ಹಸಿರು. ಅಲ್ಲಿ ಬೆಂಕಿ ಕಾಯಲು ಕೂತಿದ್ದರೆ ನನಗೆ ಪಾಚಿ ಕಟ್ಟುತ್ತಿತ್ತು. ಕೊನೆಗೆ ಯಾರೋ ಒಬ್ಬ ಹಳೆಯ ಗಾರ್ಡನ್ನು ಕೇಳಿದರಂತೆ. ಆತ ನಕ್ಷೆಯ ಮೇಲೆ ಬೆರಳಿಟ್ಟು ಎಳೆದದ್ದು ಚೌಕ ಅಲ್ಲ, ಗೆರೆ. ರಸ್ತೆ ಬದಿ, ಕಾಲುದಾರಿ, ಊರಂಚು, ದನ ಮೇಯುವ ಬ್ಯಾಣ, ಅಕೇಶಿಯಾ ಪ್ಲಾಂಟೇಶನ್ನು. ‘ಬೆಂಕಿ ತಾನಾಗಿ ಬೀಳೂದಿಲ್ಲ ಸಾರ್, ಜನ ನಡೆದಲ್ಲಿ ಬೀಳ್ತದೆ’ ಅಂದನಂತೆ. ಸಾವಿರ ಇದ್ದದ್ದು ನೂರು ಚಿಲ್ಲರೆಗೆ ಇಳಿಯಿತು.”

ಅಷ್ಟಕ್ಕೇ ಮುಗಿಯಲಿಲ್ಲ. ಡಬ್ಬಿಗಳು ಮಾತಾಡಿಕೊಳ್ಳಬೇಕು. 2.4 ಗಿಗಾಹರ್ಟ್ಸ್‌ನ ಅಲೆಗಳನ್ನು ನೀರು ತುಂಬಿದ ಎಲೆಗಳು ಬಹಳ ಬೇಗ ನುಂಗುತ್ತವೆ. ಆದ್ದರಿಂದ 865ರಿಂದ 867 ಮೆಗಾಹರ್ಟ್ಸ್‌ನ ಲೋರಾ ಎಂಬ ರೇಡಿಯೊ ತಂತ್ರ ಆಯ್ಕೆಯಾಯಿತು. ನಮ್ಮ ದೇಶದಲ್ಲಿ ಆ ಪಟ್ಟಿಗೆ ಲೈಸೆನ್ಸ್ ಬೇಡ. ಬಯಲಿನಲ್ಲಿ ಹಲವು ಕಿಲೋಮೀಟರ್ ಓಡುವ ಈ ಅಲೆ ಕಾಡೊಳಗೆ, ಕಣಿವೆ ದಾಟುವಾಗ ಏದುಸಿರು ಬಿಡುತ್ತದೆ. ಬೇಡ್ತಿ ಮತ್ತು ಅಘನಾಶಿನಿ ಕೊರೆದಿಟ್ಟ ಈ ನೆಲದಲ್ಲಿ ಗುಡ್ಡದ ಆಚೆಗೆ ಈಚಿನ ಸುದ್ದಿ ತಲುಪಬೇಕಾದರೆ, ಡಬ್ಬಿಗಳ ಮಾತು ಒಟ್ಟುಮಾಡಿ ಹೊರಗೆ ಕಳಿಸುವ ಗೇಟ್‌ವೇ ಗುಡ್ಡದ ನೆತ್ತಿಯ ಮೇಲೇ ಕೂರಬೇಕು.

ಗುಡ್ಡದ ನೆತ್ತಿಗೆ ಮೊಬೈಲ್ ನೆಟ್‌ವರ್ಕ್ ಬರುತ್ತದೆಯೇ ಎಂದು ಯೋಜನೆಯವರು ಪರೀಕ್ಷಿಸಲು ಹೊರಟರಂತೆ. “ಉಪಕರಣ ಬೇಕಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕೆ ಮಕ್ಕಳು ಕೊಡೆ ಹಿಡಿದು ಯಾವ ಗುಡ್ಡ ಹತ್ತಿದ್ದರೋ ಅದನ್ನೇ ಕೇಳಿದರೆ ಸಾಕಿತ್ತು. ಮಲೆನಾಡಿನ ಸಿಗ್ನಲ್ ಸರ್ವೆಯನ್ನು ಆಗಲೇ ಹೈಸ್ಕೂಲಿನವರು ಮಾಡಿ ಮುಗಿಸಿದ್ದಾರೆ.”

ಅಳವಡಿಸುವ ದಿನದ ಸಂಗತಿ ಹೇಳುವಾಗ ಡಬ್ಬಿ ನಕ್ಕಿತು. ಮೊಳೆ ಹೊಡೆಯಬಾರದು, ಮರಕ್ಕೆ ಪಟ್ಟಿ ಕಟ್ಟಬೇಕು, ಅದನ್ನೂ ಮರ ದಪ್ಪವಾದಂತೆ ಸಡಿಲಿಸಬೇಕು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿ ಬಳಿ ಕಡಿಯುವುದನ್ನು ತಡೆಯಲು ಜನ ಮರ ಅಪ್ಪಿಕೊಂಡ ಸೀಮೆ ಇದು. ಇಲ್ಲಿ ಮರಕ್ಕೆ ಮೊಳೆ ಹೊಡೆದು ಪರಿಸರ ಉಳಿಸುತ್ತೇವೆ ಎನ್ನಲು ಧೈರ್ಯ ಬೇಕು. “ನಾನೂ ಅಪ್ಪಿಕೊಂಡೇ ಇದ್ದೇನೆ. ಸ್ವಂತ ಇಚ್ಛೆಯಿಂದಲ್ಲ ಅಷ್ಟೆ.”

ಬಂದ ಹುಡುಗರಿಗೆ ಸೆನ್ಸರ್ ತಿಳಿದಿತ್ತು, ಉಣ್ಣಿ ತಿಳಿದಿರಲಿಲ್ಲ. ಬೆಂಕಿಯ ಕಾಲವೂ ಉಣ್ಣಿಯ ಕಾಲವೂ ಇಲ್ಲಿ ಒಂದೇ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ ಸಿದ್ದಾಪುರದ ಕಡೆಗೂ ಹಬ್ಬಿದೆ, 2024ರಲ್ಲೂ ಕಾಡಿತು. ಉಣ್ಣಿ ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚದೆ ದರಕಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದವರನ್ನು ವಾಚರ್‌ಗಳೇ ಗದರಿಸಿ ಎಬ್ಬಿಸಿದರು. ಎಣ್ಣೆಯ ಖರ್ಚು ಟೆಂಡರಿನ ಯಾವ ಕಲಮಿನಲ್ಲೂ ಇರಲಿಲ್ಲ.

“ಈಗ ನೆರೆಹೊರೆ ಹೇಗಿದೆ?”

“ಮಂಗ ಆಂಟೆನಾ ಹಿಡಿದು ಜೋತಾಡಿ ನೋಡಿತು. ತಿನ್ನುವಂಥದ್ದಲ್ಲ ಎಂದು ಬಿಟ್ಟಿತು. ಇರುವೆ ನನ್ನ ಗಾಳಿ ಕಿಂಡಿಯಲ್ಲಿ ಸಂಸಾರ ಹೂಡಲು ನೋಡಿತು. ಆದರೆ ನನ್ನನ್ನು ನಿಜವಾಗಿ ಹೈರಾಣ ಮಾಡಿದ್ದು ಪ್ರಾಣಿಗಳಲ್ಲ, ಬೆಲ್ಲ.”

ಪ್ರತಿನಿಧಿ ಬರೆಯುವುದನ್ನು ನಿಲ್ಲಿಸಿದ.

“ಆಲೆಮನೆ ಸ್ವಾಮಿ. ಶಿರಸಿ, ಸಿದ್ದಾಪುರದಲ್ಲಿ ಕಬ್ಬು ಅರೆದು ಬೆಲ್ಲ ಕಾಯಿಸುವುದೂ ಈ ಬೇಸಿಗೆ ಮೊದಲಲ್ಲೇ. ಬೆಂಗಳೂರಿನ ಲ್ಯಾಬಿನಲ್ಲಿ ನನಗೆ ಕಟ್ಟಿಗೆ ಹೊಗೆ ತೋರಿಸಿ, ಇದು ಕಾಡ್ಗಿಚ್ಚು ಎಂದು ಕಲಿಸಿದ್ದರು. ಇಲ್ಲಿ ಬಂದರೆ ಆಲೆಮನೆ ಒಲೆಯಲ್ಲಿ ಅದೇ ಹೊಗೆ. ಅಡಿಕೆ ಬೇಯಿಸುವ ಒಲೆಯಲ್ಲಿ ಅದೇ ಹೊಗೆ. ಬೆಳಿಗ್ಗೆ ಬಚ್ಚಲ ಒಲೆಯಲ್ಲಿ ಅದೇ ಹೊಗೆ. ಸಿದ್ದಾಪುರದ ನನ್ನ ತಮ್ಮ ಒಂದೇ ರಾತ್ರಿ ಮೂರು ಸಲ ಬೊಬ್ಬೆ ಹಾಕಿದ. ಓಡಿಹೋದವರಿಗೆ ಸಿಕ್ಕಿದ್ದು ಒಂದೊಂದು ಲೋಟ ಕಬ್ಬಿನ ಹಾಲು, ಬಾಳೆಲೆಯ ಮೇಲೆ ನೊರೆಬೆಲ್ಲ. ನಾಲ್ಕನೇ ಸಲಕ್ಕೆ ಕರೆಯದಿದ್ದರೂ ಬರುತ್ತೇವೆ ಎಂದರಂತೆ.”

ಆಮೇಲೆ ನಿಯಮ ಬದಲಾಯಿತು. ಒಬ್ಬನ ಮೂಗನ್ನು ನಂಬುವುದಿಲ್ಲ. ಅಕ್ಕಪಕ್ಕದ ಮೂವರಲ್ಲಿ ಇಬ್ಬರಾದರೂ ಹೌದೆನ್ನಬೇಕು. ತೇವ ಕುಸಿದಿರಬೇಕು, ಉಷ್ಣ ಏರಿರಬೇಕು. ಆಲೆಮನೆಗಳ ಜಾಗ ನಕ್ಷೆಯಲ್ಲಿ ಗುರುತಾಗಿರಬೇಕು. ಆದರೆ ಆಲೆಮನೆ ವರ್ಷಕ್ಕೊಂದು ಜಾಗದಲ್ಲಿ ಏಳುತ್ತದೆ. ಅದನ್ನು ಬಲ್ಲವನು ಸರ್ವರ್ ಅಲ್ಲ, ವಾಚರ್.

ಆ ಹೆಸರು ಬಂದದ್ದೇ ಪ್ರತಿನಿಧಿ ಕೇಳಿಯೇಬಿಟ್ಟ: ನಿಮ್ಮ ಸುದ್ದಿ ಯಾರಿಗೆ ಹೋಗುತ್ತದೆ?

“ನನ್ನಿಂದ ಗುಡ್ಡದ ಗೇಟ್‌ವೇಗೆ. ಅಲ್ಲಿಂದ ಬೆಂಗಳೂರಿನ ಸರ್ವರಿಗೆ. ಅಲ್ಲಿಂದ ಆಫೀಸಿಗೆ, ಆಫೀಸಿನಿಂದ ಸಾಹೇಬರಿಗೆ, ಸಾಹೇಬರಿಂದ ಗಾರ್ಡಿಗೆ, ಗಾರ್ಡಿನಿಂದ ವಾಚರಿಗೆ.”

“ವಾಚರ್ ಎಲ್ಲಿರುತ್ತಾನೆ?”

ಡಬ್ಬಿ ಸ್ವಲ್ಪ ಹೊತ್ತು ಸುಮ್ಮನಿತ್ತು. “ಇಲ್ಲೇ. ನನ್ನ ಬುಡದಲ್ಲಿ.”

ವಾಚರ್ ಕವಳ ಉಗಿದು ಬಂದ. ಅವನದು ಬೇಸಿಗೆಯ ಕೆಲವು ತಿಂಗಳ ದಿನಗೂಲಿ. ಮಳೆ ಬಿದ್ದ ಮೇಲೆ ಡಬ್ಬಿ ಮರದಲ್ಲೇ ಇರುತ್ತದೆ, ಅವನು ಇರುವುದಿಲ್ಲ. “ನಮ್ಮೂರ ಹಾಲಿನ ಡೈರಿಗೆ ಒಂದು ಸೈರನ್ ಕಟ್ಟಿ ಅಂದಿದ್ದೆ” ಎಂದ. “ಗೇಟ್‌ವೇಯಿಂದ ನೇರ ಅಲ್ಲಿಗೇ ಬರ್ಲಿ. ಬೆಟ್ಟ ಇರೂದು ಊರವ್ರದ್ದು. ಬೆಂಕಿ ಅಂದ್ರೆ ಅವ್ರು ಬರೂದಿಲ್ವಾ?”

ಅವನ ಮಾತಿನಲ್ಲಿ ನೂರಾರು ವರ್ಷದ ಲೆಕ್ಕ ಇತ್ತು. ಯಲ್ಲಾಪುರ, ಶಿರಸಿ, ಸಿದ್ದಾಪುರ ಈ ಮೂರೂ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಉಂಟು. ಅಲ್ಲಿನ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ದರಕು ಗುಡಿಸಿದ ಬೆಟ್ಟದಲ್ಲಿ ಬೆಂಕಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿ, ಗುಡಿಸುವ ಕೈಗಳು ಬೆಂಗಳೂರಿಗೆ ಹೋದ ಕಡೆಗಳಲ್ಲಿ ದರಕು ಮೊಣಕಾಲುದ್ದ ಬಿದ್ದಿದೆ.

“ಅಂಥಲ್ಲೇ ನನ್ನನ್ನು ಕಟ್ಟಿದ್ದಾರೆ” ಎಂದಿತು ಡಬ್ಬಿ. “ಸೈರನ್ನಿನ ಅರ್ಜಿ ಹೋಗಿದೆ. ಅದು ‘ಉಪಕರಣ’ವೋ ‘ಧ್ವನಿವರ್ಧಕ’ವೋ ಎಂಬ ಪ್ರಶ್ನೆ ಮೇಲೆ ಫೈಲು ನಿಂತಿದೆ. ಆದರೆ ಇವನೂ ಒಂದು ಮಾತು ಒಪ್ಪಬೇಕು. ಮೊನ್ನೆ ರಾತ್ರಿ ಎರಡು ಗಂಟೆಗೆ ಇವನು ಗೊರಕೆ ಹೊಡೆಯುವಾಗ ಕೆಳಗಿನ ಹೊಂಡದ ಬಳಿ ಕಮರುತ್ತಿದ್ದದ್ದನ್ನು ಹಿಡಿದವನು ನಾನು.”

“ಅದು ಹೌದು” ಎಂದ ವಾಚರ್. “ಬೆಳಿಗ್ಗೆ ಆರೂವರೆಗೆ ಹೇಳಿದ್ರು.”

ಪ್ರತಿನಿಧಿ ಕೊನೆಯದಾಗಿ, ಕನ್ನಡ ಪತ್ರಿಕೆಯವನಿಗೆ ಸಹಜವಾದ ಬೇಡಿಕೆ ಇಟ್ಟ: ಎಚ್ಚರಿಕೆಯನ್ನು ಕನ್ನಡದಲ್ಲಿ ಕಳಿಸಬಾರದೇ?

“ಆಸೆ ಇದೆ, ಜಾಗ ಇಲ್ಲ. ಅತಿ ದೂರಕ್ಕೆ ಕಳಿಸುವಾಗ ನನ್ನ ಪಾಲಿಗೆ ಸಿಗುವುದು 51 ಬೈಟ್. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕೊಂಬು, ಗುಡಿಸಿಗೂ ಮೂರು ಮೂರು ಬೈಟ್ ಬೇಕು, ಒತ್ತಿಗಾದರೆ ಆರು. ಅದಕ್ಕೇ ಬರೀ ಅಂಕಿ ಕಳಿಸುತ್ತೇನೆ. ನೀವು ಇಷ್ಟು ದೂರ ಬಂದಿದ್ದೀರಿ, ಮುಂದಿನ ಸಲದ್ದನ್ನು ನಿಮ್ಮ ನಂಬರಿಗೂ ಕನ್ನಡದಲ್ಲೇ ಬಿಡುತ್ತೇನೆ. ಎಲ್ಲಿ ತುಂಡಾಗುತ್ತದೋ ಹೊಣೆ ನನ್ನದಲ್ಲ.”

ಗಾಳಿ ಪಡುವಣದಿಂದ ತಿರುಗಿತು. ಹಸಿರು ದೀಪ ಕೆಂಪಾಯಿತು. ವಾಚರ್ ಮೂಗು ಅರಳಿಸಿದ. ಪ್ರತಿನಿಧಿ, ಆಲೆಮನೆಯಿರಬಹುದೇ ಎಂದು ಕೇಳಿದ.

“ಸಿಹಿ ಇಲ್ಲ” ಎಂದ ವಾಚರ್. ಕೊಕ್ಕೆಯಿಂದ ಕತ್ತಿ ತೆಗೆದು, ಹತ್ತಿರದ ಹಸಿ ಗಿಡದಿಂದ ಒಂದು ಟೊಂಗೆ ಕಡಿದು ಹೆಗಲಿಗೆ ಹಾಕಿಕೊಂಡ. ಊರ ದಿಕ್ಕಿಗೆ ಕೈ ಬಾಯಿಗಿಟ್ಟು ಒಂದು ದೊಡ್ಡ ಕೂಗು ಹಾಕಿದ. ಕೆಳಗಿನಿಂದ ಯಾರೋ ಓಗೊಟ್ಟರು. ಅವನು ದರಕಿನ ಸದ್ದು ಮಾಡುತ್ತಾ ಇಳಿದು ಮರೆಯಾದ.

ಪ್ರತಿನಿಧಿ ಯಲ್ಲಾಪುರದ ಬಸ್‌ಸ್ಟ್ಯಾಂಡಿಗೆ ಬಂದು ಚಾ ಹೇಳುವಾಗ ಸಂಜೆಯಾಗಿತ್ತು. ಮೊಬೈಲಿಗೆ ಜೀವ ಬಂದು ಒಮ್ಮೆ ಗುಂಯ್‌ಗುಟ್ಟಿತು. ಪರದೆಯ ಮೇಲೆ ಇದ್ದದ್ದು ಇಷ್ಟೇ: ‘ಯಲ್ಲಾಪುರದ ಕಾಡಿಗೆ ಬ’.

ಚಾ ತಂದಿಟ್ಟ ಅಂಗಡಿಯವ ಬಗ್ಗಿ ಓದಿದ. “ಕಾಡಿಗೆ ಬನ್ನಿ ಅಂತ ಯಾರೋ ಕರೀತಿದಾರೆ ನೋಡಿ” ಎಂದ.